ಕಪ್ಪು ನೀರು, ಬಿಳಿ ಎಲೆ: ಇನ್‌ಫ್ರಾರೆಡ್ ಕಣ್ಣಿನಲ್ಲಿ ಕೆರೆ

ಹೋದ ವಾರದ ವಿಡಿಯೊ ಸ್ವಲ್ಪ ಉದ್ದ ಆಯ್ತು, ಎರಡು ಕಾಲ್‌ಗಳ ನಡುವೆ ನೋಡಿ ಮುಗಿಸೋಕೆ ಆಗಲ್ಲ ಅಂತ ಕೆಲವರು ಹೇಳಿದ್ರಿ. ಅದಕ್ಕೇ ಇದು ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ.

ವಿಷಯ ಇನ್‌ಫ್ರಾರೆಡ್ ಫೋಟೋಗ್ರಫಿ. ಅದರಲ್ಲೂ ಕೆರೆ, ಕೊಳ, ಅಲ್ಲಿನ ಗಿಡ, ಅಲ್ಲಿನ ಜೀವಿಗಳು. ನಮ್ಮ ಶಾಲೆಯ ಪಠ್ಯದಲ್ಲಿ ‘ಅವಕೆಂಪು’ ಅಂತಿತ್ತು, ನೆನಪಿರಬಹುದು. ಈ ಕಥೆ ಇಂಗ್ಲೆಂಡಿನ ಒಂದು ಪ್ರಿಸ್ಮ್‌ನಿಂದ ಶುರುವಾಗಿ, ಯುದ್ಧದ ಮೂಲಕ ಹಾದು, ಕೇರಳದ ತೆಂಗಿನ ತೋಟಕ್ಕೆ ಬಂದು, ಅಲ್ಲಿಂದ ನಮ್ಮ ಕೆರೆಗಳ ಮೇಲೆ ಹಾರಾಡುವ ಉಪಗ್ರಹಗಳಿಗೆ ಬರುತ್ತೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕೋವಿಡ್ ಕಾಲದಲ್ಲಿ ಆಫೀಸ್ ಗೇಟಿನಲ್ಲಿ ಹಣೆಗೆ ಹಿಡೀತಿದ್ದರಲ್ಲ, ಆ ಥರ್ಮಾಮೀಟರ್ ಹಿಡಿಯೋದೂ ಇನ್‌ಫ್ರಾರೆಡ್ಡೇ. ಆದರೆ ಅದು ಬೇರೆ. ಮೈಯ ಶಾಖ ಹೊರಸೂಸುವ ಕಿರಣಗಳ ತರಂಗಾಂತರ ಹೆಚ್ಚುಕಡಿಮೆ 8ರಿಂದ 14 ಮೈಕ್ರಾನ್. ಇಲ್ಲಿ ನಾನು ಹೇಳ್ತಿರೋದು ಕೆಂಪು ಬಣ್ಣದ ಪಕ್ಕದ ಮನೆಯವರ ಬಗ್ಗೆ, ಅಂದರೆ 700ರಿಂದ 1000 ನ್ಯಾನೋಮೀಟರ್. ಇದು ಶಾಖದ ಚಿತ್ರ ಅಲ್ಲ. ಬಿಸಿಲು ವಸ್ತುವಿನ ಮೇಲೆ ಬಿದ್ದು ವಾಪಸ್ ಬರುವ ಬೆಳಕೇ. ನಮ್ಮ ಕಣ್ಣಿಗೆ ಅದನ್ನು ನೋಡುವ ವ್ಯವಸ್ಥೆ ಇಲ್ಲ, ಅಷ್ಟೆ.

1800ನೇ ಇಸವಿ. ವಿಲಿಯಂ ಹರ್ಷೆಲ್ ಆಗಲೇ ಯುರೇನಸ್ ಗ್ರಹ ಕಂಡುಹಿಡಿದು ಹೆಸರು ಮಾಡಿದ್ದವರು. ಸೂರ್ಯನನ್ನು ದೂರದರ್ಶಕದಲ್ಲಿ ನೋಡೋಕೆ ಬಣ್ಣಬಣ್ಣದ ಗಾಜುಗಳನ್ನು ಅಡ್ಡ ಇಡ್ತಿದ್ದರು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ ಬಂದರೂ ಕಣ್ಣಿಗೆ ಬಿಸಿ ತಾಗ್ತಿತ್ತು. ಇದೇನಪ್ಪಾ ಅಂತ ಪ್ರಿಸ್ಮ್ ಇಟ್ಟು ಬಿಸಿಲನ್ನು ಬಣ್ಣಗಳಾಗಿ ಬಿಡಿಸಿದರು. ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು, ಪಕ್ಕದಲ್ಲಿ ಹೋಲಿಕೆಗೆ ಬೇರೆ ಥರ್ಮಾಮೀಟರ್‌ಗಳನ್ನೂ ಇಟ್ಟು ಅಳೆದರು. ಇವತ್ತಿನ ಭಾಷೆಯಲ್ಲಿ ಕಂಟ್ರೋಲ್ ಗ್ರೂಪ್. ನೇರಳೆಯಿಂದ ಕೆಂಪಿನ ಕಡೆ ಹೋದಂತೆ ಬಿಸಿ ಏರಿತು. ಕೆಂಪು ಮುಗಿದ ಮೇಲೆ, ಬಣ್ಣವೇ ಇಲ್ಲದ ಜಾಗದಲ್ಲಿ, ಇನ್ನೂ ಏರಿತು. ಕಣ್ಣಿಗೆ ಕಾಣದ ಬೆಳಕಿಗೆ ಸಿಕ್ಕ ಮೊದಲ ಸಾಕ್ಷಿ ಅದು.

ಅವರ ಮಗ ಜಾನ್ ಹರ್ಷೆಲ್ 1840ರಲ್ಲಿ ಅಪ್ಪನ ಕೆಲಸವನ್ನು ಒಂದು ಹೆಜ್ಜೆ ಮುಂದೆ ಒಯ್ದರು. ಮಸಿ ಹಚ್ಚಿದ ಕಾಗದವನ್ನು ಆಲ್ಕೋಹಾಲಿನಲ್ಲಿ ನೆನೆಸಿ ಅದರ ಮೇಲೆ ಬಿಸಿಲಿನ ಬಣ್ಣಗಳನ್ನು ಬೀಳಿಸಿದರು. ಕಾಣದ ಕಿರಣ ಬಿದ್ದ ಕಡೆ ಕಾಗದ ಬೇಗ ಒಣಗಿ ಗುರುತು ಮೂಡಿತು. ಫೋಟೋ ಲ್ಯಾಬ್‌ಗಳಲ್ಲಿ ‘ಹೈಪೊ’ ಅಂತಿದ್ದರಲ್ಲ, ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತೆ ಅಂತ ತೋರಿಸಿದವರೂ ಇವರೇ. ಆದರೆ ಮಾಮೂಲಿ ಫೋಟೋ ಪ್ಲೇಟ್‌ಗೆ ನೀಲಿ, ನೇರಳೆ ಮಾತ್ರ ಕಾಣ್ತಿತ್ತು. ಕೆಂಪೇ ಕಾಣದ ಪ್ಲೇಟಿಗೆ ಕೆಂಪಿನ ಆಚೆಯದು ಹೇಗೆ ಕಾಣಬೇಕು? 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಪ್ಲೇಟಿಗೆ ಡೈ ಬೆರೆಸಿದರೆ ಅದಕ್ಕೆ ಬೇರೆ ಬಣ್ಣಗಳೂ ಕಾಣುತ್ತವೆ ಅಂತ ಕಂಡುಕೊಂಡರು. ಬ್ರಿಟಿಷ್ ಸೇನೆಯ ಎಂಜಿನಿಯರ್ ವಿಲಿಯಂ ಏಬ್ನಿ 1880ರ ದಶಕದಲ್ಲಿ ವಿಶೇಷ ಎಮಲ್ಷನ್ ತಯಾರಿಸಿ ಸೂರ್ಯನ ಇನ್‌ಫ್ರಾರೆಡ್ ವರ್ಣಪಟಲವನ್ನೇ ಫೋಟೋ ತೆಗೆದರು. ಇವೆಲ್ಲ ಲ್ಯಾಬ್ ಒಳಗಿನ ಕೆಲಸಗಳು. ಯಾರೂ ಆ ಬೆಳಕಲ್ಲಿ ಒಂದು ಮರವನ್ನು ನೋಡಿರಲಿಲ್ಲ.

ಮರ ನೋಡಿದವರು ರಾಬರ್ಟ್ ವುಡ್. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರೊಫೆಸರ್. ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತೆ. 1904ರ ಹೊತ್ತಿಗೆ ಫ್ರಾನ್ಸಿನಲ್ಲಿ ಬ್ಲಾಂಡ್ಲೊ ಎಂಬ ವಿಜ್ಞಾನಿ ‘ಎನ್ ಕಿರಣ’ ಅಂತ ಹೊಸ ಕಾಣದ ಕಿರಣ ಕಂಡುಹಿಡಿದೆ ಅಂತ ಹೇಳ್ತಿದ್ದರು, ಹತ್ತಾರು ಜನ ನಮಗೂ ಕಂಡಿತು ಅಂತ ಬರೆದಿದ್ದರು. ವುಡ್ ಅವರ ಲ್ಯಾಬಿಗೇ ಹೋಗಿ, ಕತ್ತಲಲ್ಲಿ ಯಾರಿಗೂ ಗೊತ್ತಾಗದ ಹಾಗೆ ಉಪಕರಣದ ಪ್ರಿಸ್ಮ್ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೂ ಅವರಿಗೆ ಕಿರಣ ‘ಕಾಣ್ತಾನೇ’ ಇತ್ತು! ಅಲ್ಲಿಗೆ ಎನ್ ಕಿರಣದ ಕಥೆ ಮುಗಿಯಿತು. 1907ರಲ್ಲಿ ಇದೇ ವುಡ್ ಹಕ್ಕಿಗಳನ್ನೂ ಹೂವುಗಳನ್ನೂ ಹೋಲಿಸಿ ಚಿತ್ರ ಬಿಡಿಸಿ ಮಕ್ಕಳಿಗೆ ಒಂದು ತಮಾಷೆ ಪದ್ಯದ ಪುಸ್ತಕ ಬರೆದರು. ಇಲ್ಲದ ಕಿರಣವನ್ನು ಬಯಲು ಮಾಡಿದ ಮನುಷ್ಯನೇ ಇರುವ ಕಿರಣದಲ್ಲಿ ಮೊದಲ ಭೂದೃಶ್ಯ ತೆಗೆದದ್ದು ನನಗಂತೂ ಬಹಳ ಇಷ್ಟವಾದ ವಿಷಯ.

1910ರಲ್ಲಿ ಲಂಡನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯವರ ಮುಂದೆ ವುಡ್ ಆ ಚಿತ್ರಗಳನ್ನು ಇಟ್ಟರು. ಮಾಮೂಲಿ ಬೆಳಕನ್ನೆಲ್ಲ ತಡೆದು ಕಡುಗೆಂಪಿನ ಆಚೆಯದನ್ನು ಮಾತ್ರ ಬಿಡುವ ಫಿಲ್ಟರ್, ನಿಮಿಷಗಟ್ಟಲೆ ಎಕ್ಸ್‌ಪೋಷರ್. ಚಿತ್ರದಲ್ಲಿ ಆಕಾಶ ರಾತ್ರಿಯ ಹಾಗೆ ಕಪ್ಪು. ಮರಗಳು ಹಿಮ ಬಿದ್ದ ಹಾಗೆ ಬೆಳ್ಳಗೆ. ಅದೂ ಉರಿಬಿಸಿಲಿನ ಮಧ್ಯಾಹ್ನ! ಎಲೆ ಹೀಗೆ ಹೊಳೆಯೋದಕ್ಕೆ ಇವತ್ತಿಗೂ ‘ವುಡ್ ಎಫೆಕ್ಟ್’ ಅಂತಾರೆ. ವುಡ್ ಅಂದರೆ ಇಲ್ಲಿ ಮರ ಅಲ್ಲ, ಈ ಪ್ರೊಫೆಸರ್.

ಎಲೆ ಯಾಕೆ ಹೊಳೆಯುತ್ತೆ? ಎಲೆಯ ಹಸಿರು ಕ್ಲೋರೊಫಿಲ್ ಕೆಂಪು ಮತ್ತು ನೀಲಿ ಬೆಳಕನ್ನು ನುಂಗುತ್ತೆ, ಹಸಿರನ್ನು ಸ್ವಲ್ಪ ಬಿಡುತ್ತೆ. 700 ನ್ಯಾನೋಮೀಟರ್ ದಾಟಿದ ಮೇಲೆ ಕ್ಲೋರೊಫಿಲ್ ಗಾಜಿದ್ದ ಹಾಗೆ, ಬೆಳಕು ಸೀದಾ ಒಳಗೆ ಹೋಗುತ್ತೆ. ಒಳಗಡೆ ಸ್ಪಂಜಿನಂಥ ಪದರ ಇದೆ: ನೀರು ತುಂಬಿದ ಜೀವಕೋಶ, ಪಕ್ಕದಲ್ಲಿ ಗಾಳಿಯ ಸಂದು, ಮತ್ತೆ ಕೋಶ, ಮತ್ತೆ ಗಾಳಿ. ಒಂದೊಂದು ಗಡಿಯಲ್ಲೂ ಬೆಳಕು ಚದುರುತ್ತೆ. ಹೀಗೆ ಬಿದ್ದ ಬೆಳಕಿನಲ್ಲಿ ಹತ್ತಿರ ಹತ್ತಿರ ಅರ್ಧ ವಾಪಸ್ ಬರುತ್ತೆ. ಸೋಪಿನ ನೀರಿಗೆ ಬಣ್ಣ ಇಲ್ಲದಿದ್ದರೂ ನೊರೆ ಬೆಳ್ಳಗಿರುತ್ತಲ್ಲ, ಅದೇ ಲೆಕ್ಕ.

ನೀರು ಇದಕ್ಕೆ ಪೂರ್ತಿ ಉಲ್ಟಾ. 850 ನ್ಯಾನೋಮೀಟರ್ ಹತ್ತಿರ ಶುದ್ಧ ನೀರಿನಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಅರ್ಧ ಬೆಳಕು ಖಾಲಿ. ಒಂದು ಮೀಟರ್ ಇಳಿದರೆ ನೂರಕ್ಕೆ ಎರಡು ಪಾಲೂ ಉಳಿಯಲ್ಲ. ಕೆರೆಯ ಒಳಗಿಂದ ಏನೂ ವಾಪಸ್ ಬರಲ್ಲ. ಮೇಲ್ಮೈಯಲ್ಲಿ ಆಕಾಶದ ಪ್ರತಿಬಿಂಬ ಇರುತ್ತೆ, ಆದರೆ ಆ ಆಕಾಶವೇ ಇನ್‌ಫ್ರಾರೆಡ್‌ನಲ್ಲಿ ಕಪ್ಪು. ಹಾಗಾಗಿ ಶಾಂತವಾದ ಕೆರೆ ಮಸಿ ಚೆಲ್ಲಿದ ಹಾಗೆ ಕಾಣುತ್ತೆ. ಅದರ ಮೇಲೊಂದು ತಾವರೆ ಎಲೆ ಇಟ್ಟರೆ ಹೇಗಿರುತ್ತೆ ಅಂತ ಊಹಿಸಿಕೊಳ್ಳಿ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ.

ನಾನಿರೋದು ಪುಣೆಯಲ್ಲಿ. ಹಳೇ ಡಿಎಸ್‌ಎಲ್‌ಆರ್ ಒಂದನ್ನ ಇದಕ್ಕಂತಲೇ ಬದಲಾಯಿಸಿಕೊಂಡಿದ್ದೇನೆ. ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್‌ಗೆ ಹುಟ್ಟಿನಿಂದಲೇ ಸುಮಾರು 1100 ನ್ಯಾನೋಮೀಟರ್‌ವರೆಗೆ ಕಾಣುತ್ತೆ. ಬಣ್ಣ ಕೆಡಬಾರದು ಅಂತ ಕಂಪನಿಯವರೇ ಮುಂದೊಂದು ಫಿಲ್ಟರ್ ಕೂರಿಸಿ ಅದನ್ನು ಕುರುಡು ಮಾಡಿರ್ತಾರೆ. ಆ ಫಿಲ್ಟರ್ ತೆಗೆಸಿ, 720 ನ್ಯಾನೋಮೀಟರ್‌ನ ಫಿಲ್ಟರ್ ಹಾಕಿಸಿದರೆ ಆಯ್ತು. ಮಾಮೂಲಿ ಕ್ಯಾಮೆರಾದ ಲೆನ್ಸ್ ಮುಂದೆ ಹೋಯಾ ಆರ್72 ಥರದ ಫಿಲ್ಟರ್ ಹಾಕಿದರೂ ಚಿತ್ರ ಬರುತ್ತೆ, ಆದರೆ ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್ ಬೇಕು. ಅಷ್ಟೊತ್ತು ಯಾವ ಏರೋಪ್ಲೇನ್ ಚಿಟ್ಟೆ ನಮಗೋಸ್ಕರ ಕೂತಿರುತ್ತೆ ಹೇಳಿ? ಇನ್ನೊಂದು ತೊಂದರೆ ಫೋಕಸ್. ಇನ್‌ಫ್ರಾರೆಡ್ ಬೆಳಕು ಸ್ವಲ್ಪ ಬೇರೆ ಜಾಗದಲ್ಲಿ ಕೂಡುತ್ತೆ. ಹಳೇ ಮ್ಯಾನ್ಯುಯಲ್ ಲೆನ್ಸ್‌ಗಳ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ ಇರ್ತಿತ್ತಲ್ಲ, ಯಾಕೆ ಅಂತ ಯಾರೂ ಹೇಳ್ತಿರಲಿಲ್ಲ, ಅದು ಇದಕ್ಕೇ ಇದ್ದದ್ದು.

ಪಾಷಾಣ್ ಕೆರೆಯ ದಡದಲ್ಲಿ ಈ ಕ್ಯಾಮೆರಾ ಹಿಡಿದು ನಿಂತರೆ ಕಣ್ಣು ಹೊಸದಾಗಿ ಕಲಿಯಬೇಕಾಗುತ್ತೆ. ದಡದ ಹುಲ್ಲು ಬೆಳ್ಳಿ. ನೀರೊಳಗೆ ಅರ್ಧ ಮುಳುಗಿದ ಗಿಡ ಇದ್ದರೆ, ಹೊರಗಿರುವ ಅರ್ಧ ಹೊಳೆಯುತ್ತೆ, ಒಳಗಿರುವ ಅರ್ಧ ಇಳಿದಂತೆಲ್ಲ ಮಾಸಿ ಕಾಣೆಯಾಗುತ್ತೆ. ಪಾಚಿ ತೇಲಿ ಮೇಲೆ ಬಂದಿದ್ದರೆ ಬಿಳಿ ಚಾಪೆ. ಅದೇ ಪಾಚಿ ಎರಡು ಗೇಣು ಕೆಳಗಿದ್ದರೆ ಇಲ್ಲವೇ ಇಲ್ಲ. ಮೀನು, ಗೊದಮೊಟ್ಟೆ ಯಾವುದೂ ಕಾಣಲ್ಲ. ಪಕ್ಕದಲ್ಲಿ ನಿಂತವರ ಕಪ್ಪು ಟೀಶರ್ಟ್ ಬೂದು ಬಣ್ಣಕ್ಕೆ ತಿರುಗಿರುತ್ತೆ, ಯಾಕಂದರೆ ಬಟ್ಟೆಯ ಎಷ್ಟೋ ಕಪ್ಪು ಡೈಗಳು ಇನ್‌ಫ್ರಾರೆಡ್ಡಿಗೆ ಕಪ್ಪಲ್ಲ.

ಕಪ್ಪೆಯ ಬಗ್ಗೆ ಒಂದು ಚೆಂದದ ಸಂಶೋಧನೆ ಇದೆ. ಹಸಿರು ಕಪ್ಪೆ ಹಸಿರು ಎಲೆಯ ಮೇಲೆ ಕೂತರೆ ನಮಗೆ ಕಾಣಲ್ಲ. ಇನ್‌ಫ್ರಾರೆಡ್‌ನಲ್ಲಿ ಎಲೆ ಬೆಳ್ಳಗಾಗುತ್ತೆ, ಕಪ್ಪೆಯೊಳಗೆ ಎಲೆಯ ಸ್ಪಂಜು ಇಲ್ಲ, ಆದ್ದರಿಂದ ಕಪ್ಪೆ ಕಪ್ಪಾಗಿ ಸಿಕ್ಕಿಬೀಳಬೇಕು. ಬಹಳಷ್ಟು ಕಪ್ಪೆಗಳು ಹಾಗೇ ಸಿಕ್ಕಿಬೀಳುತ್ತವೆ. ಆದರೆ 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನದಲ್ಲಿ, ಮಧ್ಯ ಅಮೆರಿಕದ ಎಲೆ ಮೇಲೆ ಕೂರುವ ಕೆಲವು ಕಪ್ಪೆಗಳು ಎಲೆಯ ಹಾಗೇ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತವೆ ಅಂತ ತೋರಿಸಿದರು. ಒಂದೇ ಗುಂಪಿನ ಎರಡು ಗಾಜುಗಪ್ಪೆಗಳಲ್ಲಿ ಒಂದು ಕಳಿಸುತ್ತೆ, ಇನ್ನೊಂದು ಕಳಿಸಲ್ಲ. ಯಾಕೆ ಹೀಗೆ ಅನ್ನೋದಕ್ಕೆ ಊಹೆಗಳಿವೆ: ಬಿಸಿಲಿನ ಕಾವು ಮೈಗೆ ಹಿಡಿಯದಿರಲಿ ಅಂತ ಇರಬಹುದು, ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಎಲೆಯ ಹಾಗೇ ಕಾಣಲಿ ಅಂತಲೂ ಇರಬಹುದು.

ಎಲೆ ಯಾವುದು, ಎಲೆಯ ವೇಷ ಯಾವುದು ಅನ್ನುವ ಈ ಪ್ರಶ್ನೆಯೇ ಇನ್‌ಫ್ರಾರೆಡ್ ಫಿಲ್ಮನ್ನು ಯುದ್ಧಕ್ಕೆ ಕರೆದುಕೊಂಡು ಹೋದದ್ದು. 1930ರ ದಶಕಕ್ಕೆ ಇನ್‌ಫ್ರಾರೆಡ್ ಪ್ಲೇಟು, ಫಿಲ್ಮು ಅಂಗಡಿಯಲ್ಲಿ ಸಿಗ್ತಿದ್ದವು. ಎರಡನೇ ಮಹಾಯುದ್ಧದ ನಡುವೆ ಕೊಡಾಕ್ ಕಂಪನಿ ಬಣ್ಣದ ಇನ್‌ಫ್ರಾರೆಡ್ ಫಿಲ್ಮ್ ಮಾಡಿತು. ಅದಕ್ಕಿಟ್ಟ ಹೆಸರೇ ‘ಕ್ಯಾಮಫ್ಲಾಜ್ ಡಿಟೆಕ್ಷನ್’. ಟ್ಯಾಂಕಿನ ಮೇಲೆ ಹಸಿರು ಬಣ್ಣ ಬಳಿದು ಬಲೆ ಹೊದಿಸಿದ್ದರೆ ವಿಮಾನದಿಂದ ನೋಡುವ ಕಣ್ಣಿಗೆ ಕಾಡಿನ ತುಂಡಿನ ಹಾಗಿರುತ್ತೆ. ಈ ಫಿಲ್ಮ್ ಬಣ್ಣಗಳನ್ನು ಒಂದೊಂದು ಸ್ಥಾನ ಸರಿಸುತ್ತೆ. ಹಸಿರನ್ನು ನೀಲಿಯಾಗಿ, ಕೆಂಪನ್ನು ಹಸಿರಾಗಿ, ಕಾಣದ ಇನ್‌ಫ್ರಾರೆಡ್ಡನ್ನು ಕೆಂಪಾಗಿ ತೋರಿಸುತ್ತೆ. ಜೀವಂತ ಎಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗುತ್ತೆ, ಬಳಿದ ಹಸಿರು ಬಣ್ಣ ನೀಲಿಗೆ ತಿರುಗುತ್ತೆ. ಕೊಂಬೆ ಕಡಿದು ಮುಚ್ಚಿದ್ದರೆ, ಬಾಡಿದ ಹಾಗೆ ಅದರ ಕೆಂಪೂ ಇಳಿಯುತ್ತೆ.

ಗಮನಿಸಿ, ಇವತ್ತು ಉಪಗ್ರಹ ಚಿತ್ರಗಳಲ್ಲಿ ಕಾಡು ಕೆಂಪಾಗಿ ಕಾಣೋದು ಈ ಫಿಲ್ಮಿನಿಂದ ಬಂದ ರೂಢಿ. ಬೇರೆ ಯಾವ ಬಣ್ಣವನ್ನಾದರೂ ಕೊಡಬಹುದಿತ್ತು. ಎಂಟೆಕ್ ಮಾಡುವಾಗ ಇಮೇಜ್ ಪ್ರೊಸೆಸಿಂಗ್ ಪಾಠದಲ್ಲಿ ಈ ಕೆಂಪು ಕಾಡುಗಳನ್ನು ನೋಡಿ ನೋಡಿ ಅದೇ ಸಹಜ ಅನ್ನಿಸಿಬಿಟ್ಟಿತ್ತು. ಅದು ಯುದ್ಧಕಾಲದ ಒಂದು ಡಿಸೈನ್ ತೀರ್ಮಾನ. ನಾವು ಕೋಡಿನಲ್ಲಿ ಲೆಗಸಿ ಅಂತೀವಲ್ಲ, ಥೇಟ್ ಹಾಗೇ.

ಯುದ್ಧ ಮುಗಿದ ಮೇಲೆ ಬಂದ ಯೋಚನೆ ಇದು. ಬಾಡಿದ ಕೊಂಬೆ ಗೊತ್ತಾಗೋದಾದರೆ ರೋಗ ಬಂದ ಬೆಳೆ ಗೊತ್ತಾಗಬೇಡವೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಕೋಲ್ವೆಲ್ 1956ರಲ್ಲಿ ಧಾನ್ಯದ ಬೆಳೆಗಳ ರೋಗವನ್ನು ವಿಮಾನದ ಚಿತ್ರಗಳಿಂದ ಪತ್ತೆ ಮಾಡೋದರ ಬಗ್ಗೆ ಬರೆದರು. (ಇದೇ ಥರದ ಫಿಲ್ಮಿನಲ್ಲಿ 1967ರಲ್ಲಿ ಜಿಮಿ ಹೆಂಡ್ರಿಕ್ಸ್‌ನ ಎಲ್‌ಪಿ ಕವರ್ ಚಿತ್ರವೂ ಬಂತು, ಅದು ಬೇರೆ ಕಥೆ.)

ಈಗ ನಮ್ಮ ದೇಶಕ್ಕೆ ಬರೋಣ. ಈ ವಿಷಯದ ಬಗ್ಗೆ ಮಾತಾಡಬೇಕು ಅಂತ ನನಗೆ ಅನ್ನಿಸಿದ್ದೇ ಈ ಭಾಗದಿಂದ. ಪಿ. ಆರ್. ಪಿಶಾರೋಟಿ ಅಂತ ಒಬ್ಬ ಹವಾಮಾನ ವಿಜ್ಞಾನಿ. ಕೇರಳದ ಕೊಲ್ಲೆಂಗೋಡಿನವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಜೊತೆ ಕೆಲಸ ಮಾಡಿದ್ದವರು. 1962ರಲ್ಲಿ ಪುಣೆಯಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರು. ಆ ಸಂಸ್ಥೆ ಈಗ ಪಾಷಾಣ್‌ನಲ್ಲೇ ಇದೆ, ನಾನು ಫೋಟೋ ತೆಗೆಯುವ ಕೆರೆಯಿಂದ ದೂರವೇನಲ್ಲ. ಆಮೇಲೆ ಅವರು ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಗೆ, ವಿಕ್ರಮ್ ಸಾರಾಭಾಯಿ ಅವರ ಬಳಿಗೆ ಹೋದರು.

ಕೇರಳದ ತೆಂಗಿಗೆ ಆಗ ಒಂದು ಹಳೇ ಕಾಟ ಇತ್ತು, ಬೇರು ಸೊರಗು ರೋಗ. 1882ರ ದೊಡ್ಡ ಪ್ರವಾಹದ ನಂತರ ಈರಾಟ್ಟುಪೇಟ್ಟ ಕಡೆ ಮೊದಲು ಕಂಡದ್ದು ಅಂತ ದಾಖಲೆ. ಮರ ಒಮ್ಮೆಲೇ ಸಾಯಲ್ಲ. ಗರಿ ಜೋಲುತ್ತೆ, ಹಳದಿಯಾಗುತ್ತೆ, ಫಸಲು ವರ್ಷ ವರ್ಷ ಇಳಿಯುತ್ತೆ. ತುಮಕೂರು, ತಿಪಟೂರು, ಕರಾವಳಿ ಕಡೆಯವರಿಗೆ ಒಂದು ತೆಂಗಿನ ಮರ ಸೊರಗೋದು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. 1970ರ ಸುಮಾರಿಗೆ ಪಿಶಾರೋಟಿ ಮತ್ತು ಅವರ ಜೊತೆಯವರು ಹೆಲಿಕಾಪ್ಟರ್ ಹತ್ತಿ, ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದಲ್ಲಿ ಬಣ್ಣದ ಇನ್‌ಫ್ರಾರೆಡ್ ಫಿಲ್ಮ್ ಹಾಕಿ ತೋಟಗಳ ಚಿತ್ರ ತೆಗೆದರು. ಆರೋಗ್ಯವಾದ ಮರದ ತಲೆ ಕಡುಗೆಂಪು, ರೋಗದ ಮರದ್ದು ಮಾಸಲು. ಭಾರತದ ದೂರಸಂವೇದನೆ ಶುರುವಾದದ್ದೇ ಈ ಪ್ರಯೋಗದಿಂದ ಅಂತ ಎಲ್ಲರೂ ಒಪ್ಪುತ್ತಾರೆ, ಪಿಶಾರೋಟಿ ಅವರನ್ನು ಅದರ ಪಿತಾಮಹ ಅಂತಲೇ ಕರೀತಾರೆ. ಶತ್ರುವಿನ ಟ್ಯಾಂಕ್ ಹುಡುಕೋಕೆ ಹುಟ್ಟಿದ ಫಿಲ್ಮ್ ರೈತನ ತೆಂಗಿನ ಮರ ನೋಡೋಕೆ ಬಂತು.

ಮುಂದಿನದನ್ನು ಬೇಗ ಹೇಳ್ತೇನೆ. 1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಹಾರಿತು. 1979ರಲ್ಲಿ ಬೆಂಗಳೂರಿನಲ್ಲಿ ತಯಾರಾದ ಭಾಸ್ಕರ-1 ಸೋವಿಯತ್ ರಾಕೆಟ್ ಮೇಲೆ ಹೋಯಿತು. ಅದರ ಟಿವಿ ಕ್ಯಾಮೆರಾಗಳಲ್ಲಿ ಒಂದು ಕಾಣುವ ಬೆಳಕಿಗೆ, ಇನ್ನೊಂದು ಇನ್‌ಫ್ರಾರೆಡ್ಡಿಗೆ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಐಆರ್‌ಎಸ್-1ಎ. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಅದರ ನಾಲ್ಕನೇ ಬ್ಯಾಂಡ್ 0.77ರಿಂದ 0.86 ಮೈಕ್ರಾನ್, ಅಂದರೆ ಇದೇ ಎಲೆ ಹೊಳೆಯುವ, ನೀರು ಕಪ್ಪಾಗುವ ಬೆಳಕು.

ಲೆಕ್ಕ ಹಾಕಿ ನೋಡಿದರೆ ಮಜಾ ಇದೆ. ಊರಿನ ಒಂದು ಸಣ್ಣ ಕೆರೆ ಹತ್ತು ಎಕರೆ ಅಂದುಕೊಳ್ಳಿ. ಭಾಸ್ಕರನಿಗೆ ಒಂದು ಪಿಕ್ಸೆಲ್ ಅಂದರೆ ಒಂದು ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 250 ಎಕರೆ. ನಮ್ಮ ಕೆರೆ ಅದರಲ್ಲಿ ಒಂದು ಮೂಲೆಗೂ ಸಾಲದು. ಐಆರ್‌ಎಸ್-1ಎಯ 72.5 ಮೀಟರ್ ಕ್ಯಾಮೆರಾದಲ್ಲಿ ಏಳೆಂಟು ಪಿಕ್ಸೆಲ್. 2015ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-2ರಲ್ಲಿ 10 ಮೀಟರ್ ಪಿಕ್ಸೆಲ್, ಅಂದರೆ ಅದೇ ಕೆರೆ ಸುಮಾರು 400 ಪಿಕ್ಸೆಲ್. ಅದೂ ಪುಕ್ಕಟೆ. 2017ರಲ್ಲಿ ಜೋಡಿ ಉಪಗ್ರಹ ಬಂದ ಮೇಲೆ ಐದು ದಿನಕ್ಕೊಂದು ಚಿತ್ರ. ನಾನೂರು ಚುಕ್ಕಿಯಲ್ಲಿ ಒಂದು ಕೆರೆಯ ಮುಖ ಚೆನ್ನಾಗೇ ಗುರುತು ಹತ್ತುತ್ತೆ.

ಆ ಮುಖ ಹೇಗೆ ಓದಬೇಕು ಅನ್ನೋದೇ ಕಷ್ಟದ ವಿಷಯ. ಕೆಂಪು ಇದ್ದರೆ ಆರೋಗ್ಯ, ಮಾಸಿದ್ದರೆ ರೋಗ ಅಂತ ತೆಂಗಿನ ತೋಟ ನಮಗೆ ಕಲಿಸಿತು. ಕೆರೆಗೆ ಈ ಪಾಠ ತಲೆಕೆಳಗು.

ನಮ್ಮ ಕೆರೆಗಳ ಮೇಲೆ ಈಗ ಅತಿ ಹೆಚ್ಚು ಹೊಳೆಯುವ ಎಲೆ ಯಾವುದು ಗೊತ್ತಾ? ವಾಟರ್ ಹಯಸಿಂತ್. ದಕ್ಷಿಣ ಅಮೆರಿಕದ್ದು, ಹೂವು ಚೆಂದ ಅಂತ ಅಲಂಕಾರಕ್ಕೆ ತಂದದ್ದು. 1936ರಲ್ಲೇ ಬಂಗಾಳದಲ್ಲಿ ಇದರ ವಿರುದ್ಧ ಕಾನೂನು ಮಾಡಬೇಕಾಯಿತು ಅಂದರೆ ಹಾವಳಿ ಎಷ್ಟಿತ್ತು ನೋಡಿ. ನಮ್ಮಲ್ಲಿ ಇದನ್ನೂ ಹಲವರು ಅಂತರಗಂಗೆ ಅಂತಲೇ ಕರೆಯೋದು. ಪುಣೆ, ಮುಂಬೈಯವರಿಗೆ ಜಲಪರ್ಣಿ. ಹೈದರಾಬಾದಿನಲ್ಲಿ ಗುರ್ರಪು ಡೆಕ್ಕ, ಕುದುರೆ ಗೊರಸು. ಚೆನ್ನೈಯಲ್ಲಿ ಆಗಾಯ ತಾಮರೈ, ಆಕಾಶದ ತಾವರೆ. ದೆಹಲಿಯಲ್ಲಿ ಜಲಕುಂಭಿ. ನೀವು ಯಾವ ಊರಿಗೆ ಕೆಲಸಕ್ಕೆ ಹೋಗಿದ್ದರೂ ಇದು ನಿಮಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿದೆ. ಪೊವಾಯಿಯಲ್ಲೂ ಇದೆ, ಪಾಷಾಣ್‌ನಲ್ಲೂ ಇದೆ.

ಕೊಳಚೆ ನೀರಿನ ಸಾರ ಹೀರಿ ಇದು ಕೊಬ್ಬುತ್ತೆ. ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ಇದರಷ್ಟು ಆರೋಗ್ಯವಂತ ಎಲೆ ಇನ್ನೊಂದಿಲ್ಲ. ಉಪಗ್ರಹದವರು ಎಲೆಯ ಆರೋಗ್ಯಕ್ಕೆ ಎನ್‌ಡಿವಿಐ ಅಂತ ಒಂದು ಸೂಚ್ಯಂಕ ಬಳಸ್ತಾರೆ: ಇನ್‌ಫ್ರಾರೆಡ್ಡಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸೋದು. ಕಳೆ ತುಂಬಿದ ಕೆರೆಗೆ ಇದರಲ್ಲಿ ಫಸ್ಟ್ ಕ್ಲಾಸ್ ಮಾರ್ಕ್ಸ್. ನೀರನ್ನು ಗುರುತಿಸೋಕೆ ಹಸಿರು ಮತ್ತು ಇನ್‌ಫ್ರಾರೆಡ್ ಹೋಲಿಸುವ ಇನ್ನೊಂದು ಸೂಚ್ಯಂಕ 1996ರಲ್ಲಿ ಬಂತು, ಎನ್‌ಡಿಡಬ್ಲ್ಯುಐ. ಕಳೆ ಮುಚ್ಚಿದ ಕೆರೆಯನ್ನು ಅದಕ್ಕೆ ಕೊಟ್ಟರೆ ಇಲ್ಲಿ ನೀರೇ ಇಲ್ಲ ಅನ್ನುತ್ತೆ. ಅಂದರೆ ಲೆಕ್ಕದಲ್ಲಿ ಅದು ಹೊಲ. ಕೆರೆ ಒತ್ತುವರಿಯ ಜಗಳಗಳಿರುವ ನಮ್ಮ ಕಡೆ ಇದು ಬರೀ ತಾಂತ್ರಿಕ ದೋಷ ಅಲ್ಲ. ಇಂಥ ವರ್ಷ ಇಲ್ಲಿ ನೀರಿತ್ತೋ ಇಲ್ಲವೋ ಅಂತ ಯಾರಾದರೂ ಉಪಗ್ರಹ ಚಿತ್ರ ಮುಂದಿಟ್ಟರೆ, ಅದನ್ನು ಓದೋಕೆ ಬರುವವರು ಊರಿನ ಕಡೆಯಿಂದಲೂ ಒಬ್ಬರು ಇರಬೇಕು.

ಕಪ್ಪಾಗಿ, ಏನೂ ಇಲ್ಲದ ಹಾಗೆ ಕಾಣುವ ಭಾಗವೇ ಕೆರೆಯ ಜೀವ. ಮೀನು, ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಇರೋದು ಆ ಕಪ್ಪಿನೊಳಗೆ. ಕಳೆ ಪೂರ್ತಿ ಮುಚ್ಚಿದರೆ ಒಳಗೆ ಬೆಳಕಿಲ್ಲ, ನೀರಿನ ಆಮ್ಲಜನಕ ಇಳಿಯುತ್ತೆ. ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದು ನಿಮಗೆಲ್ಲ ನೆನಪಿದೆ. ಔಟರ್ ರಿಂಗ್ ರೋಡಿನ ಆಫೀಸ್ ಕಿಟಕಿಯಿಂದ ಹೊಗೆ ನೋಡಿದವರೂ ಇಲ್ಲಿರಬಹುದು. ಅದರ ಹಿಂದಿನ ವರ್ಷಗಳ ಇನ್‌ಫ್ರಾರೆಡ್ ಚಿತ್ರ ತೆರೆದು ನೋಡಿ, ಎಷ್ಟು ಕೆಂಪು ಇದೆ ಅಂತ. ಗೊತ್ತಿಲ್ಲದವರು ಪಾರ್ಕ್ ಅಂದುಕೊಳ್ಳಬೇಕು.

ಬೆಂಗಳೂರಿಗೆ ಈ ಕಳೆಯ ಜೊತೆ ಇನ್ನೊಂದು ನಂಟಿದೆ. 1980ರ ದಶಕದ ಮೊದಲಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನಿಯೋಕೆಟಿನಾ ಎಂಬ ಸಣ್ಣ ಮೂತಿಹುಳುವನ್ನು ಹೊರದೇಶದಿಂದ ತರಿಸಿ, ಪರೀಕ್ಷೆ ಮಾಡಿ, ಬೆಂಗಳೂರಿನ ಸುತ್ತಲ ಕೆರೆಗಳಿಗೆ ಬಿಟ್ಟರು. ಅದರ ಊಟ ಈ ಕಳೆ ಮಾತ್ರ. ಕೆಲವು ಕೆರೆಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಕೊಳಚೆ ಸುರಿಯುತ್ತಲೇ ಇದ್ದರೆ ಹುಳು ತಿನ್ನೋದಕ್ಕಿಂತ ಗಿಡ ಬೆಳೆಯೋದೇ ಹೆಚ್ಚು. ನನ್ನ ಕ್ಯಾಮೆರಾದಲ್ಲಿ ಹುಳು ಕೆರೆದ ಎಲೆ ಅಲ್ಲಲ್ಲಿ ಮಾಸಲಾಗಿ ಕಾಣುತ್ತೆ. ತೆಂಗಿನ ಗರಿ ಮಾಸಲಾದರೆ ಹೊಟ್ಟೆ ಉರಿಯಬೇಕು, ಇಲ್ಲಿ ಮಾಸಲಾದರೆ ಖುಷಿ ಪಡಬೇಕು!

ರಾತ್ರಿಯ ಕ್ಯಾಮೆರಾಗಳ ಬಗ್ಗೆಯೂ ಒಂದಿಷ್ಟು. ಕೆರೆಗೆ ನೀರು ಕುಡಿಯಲು ಬರುವ ಪ್ರಾಣಿಗಳ ಚಿತ್ರ ಈಗ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಗುತ್ತೆ. 1920ರ ದಶಕದಲ್ಲಿ ಶಿವಾಲಿಕ್ ಕಾಡುಗಳಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ತಂತಿ ಕಟ್ಟಿ, ಹುಲಿ ಎಡವಿದಾಗ ಫ್ಲ್ಯಾಶ್ ಹೊತ್ತುವ ಹಾಗೆ ಮಾಡ್ತಿದ್ದರು. ಪಾಪ, ಹುಲಿಗೆ ಕಣ್ಣು ಕುಕ್ಕುವ ಬೆಳಕು. ಈಗ 850 ಅಥವಾ 940 ನ್ಯಾನೋಮೀಟರ್‌ನ ಎಲ್‌ಇಡಿ ಬೆಳಗುತ್ತೆ, ಪ್ರಾಣಿಗೆ ಹೆಚ್ಚಾಗಿ ಗೊತ್ತೇ ಆಗಲ್ಲ. ಒಂದೇ ಡಬ್ಬಿಯಲ್ಲಿ ಎರಡೂ ಇನ್‌ಫ್ರಾರೆಡ್ ಇವೆ ಅನ್ನೋದು ಇಲ್ಲಿನ ಸ್ವಾರಸ್ಯ. ಮೈಶಾಖ ಗುರುತಿಸಿ ಕ್ಯಾಮೆರಾ ಎಬ್ಬಿಸೋದು ಶಾಖದ ಇನ್‌ಫ್ರಾರೆಡ್, ಚಿತ್ರ ತೆಗೆಯೋದು ಕೆಂಪಿನ ಪಕ್ಕದ್ದು. ಕಪ್ಪೆ, ಹಾವು, ಆಮೆ ತಣ್ಣನೆ ಮೈಯವು, ಸುತ್ತಲಿನ ಗಾಳಿ ಎಷ್ಟಿರುತ್ತೋ ಹೆಚ್ಚುಕಡಿಮೆ ಅಷ್ಟೇ ಶಾಖ. ಆದ್ದರಿಂದ ಅವು ಎದುರಿಗೆ ಹಾದುಹೋದರೂ ಕ್ಯಾಮೆರಾ ನಿದ್ದೆಯಿಂದ ಏಳೋದು ಅಪರೂಪ. ಕೆರೆಯ ಪಕ್ಕ ಇಟ್ಟ ಟ್ರ್ಯಾಪ್‌ನಲ್ಲಿ ನರಿ, ಮುಂಗುಸಿ, ಬೀದಿನಾಯಿ ತುಂಬಿರುತ್ತವೆ. ನಿಜವಾದ ಕೆರೆವಾಸಿಗಳ ಲೆಕ್ಕ ಬರೋದೇ ಇಲ್ಲ. ಅಂಥ ಅಂಕಿಅಂಶ ಓದುವಾಗ ಇದು ನೆನಪಿರಲಿ.

ಕೊಡಾಕ್ 2007ರಲ್ಲಿ ತನ್ನ ಹೆಸರಾಂತ ಕಪ್ಪುಬಿಳುಪು ಇನ್‌ಫ್ರಾರೆಡ್ ಫಿಲ್ಮನ್ನು ನಿಲ್ಲಿಸಿತು, ಬಣ್ಣದ್ದೂ ಹಿಂದೆಯೇ ಹೋಯಿತು. ನನಗೇನೂ ಬೇಸರ ಇಲ್ಲ. ಫಿಲ್ಮ್ ಇದ್ದ ಕಾಲದಲ್ಲಿ ಇದು ಸೇನೆಯವರ, ವಿಜ್ಞಾನಿಗಳ, ದುಡ್ಡಿದ್ದ ಕಲಾವಿದರ ಆಟ. ಈಗ ಲ್ಯಾಪ್‌ಟಾಪ್ ಇದ್ದರೆ ಸಾಕು. ಕೋಪರ್ನಿಕಸ್ ಬ್ರೌಸರ್ ತೆರೆದು, ನಿಮ್ಮೂರಿನ ಕೆರೆ ಹುಡುಕಿ, ಸೆಂಟಿನೆಲ್-2ರಲ್ಲಿ 8, 4, 3 ಬ್ಯಾಂಡ್‌ಗಳ ಜೋಡಣೆ ಆರಿಸಿ. ಹಳೇ ಕೊಡಾಕ್ ಬಣ್ಣಗಳೇ ಬರುತ್ತವೆ. ಮೋಡ ಇಲ್ಲದ ಡಿಸೆಂಬರ್, ಜನವರಿಯ ಚಿತ್ರ ನೋಡಿ. ವರ್ಷ ವರ್ಷದ್ದು ಪಕ್ಕಪಕ್ಕ ಇಡಿ.

ನಾನು ನಮ್ಮೂರಿನದು ಇಟ್ಟೆ. ತುಮಕೂರು ಜಿಲ್ಲೆಯ ಸಣ್ಣ ಕೆರೆ. “ಈ ಸಲ ಕೆರೆ ಏನ್ ಹಸಿರಾಗೈತೆ ಅಂತೀಯ, ನೋಡಕ್ಕೆ ಎರಡು ಕಣ್ಣು ಸಾಲದು” ಅಂತ ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದರು. ಆರು ವರ್ಷದ ಆರು ಚಿತ್ರ. ಮೊದಲನೆಯದರಲ್ಲಿ ಕೆರೆ ಪೂರ್ತಿ ಕಪ್ಪು. ಮೂರನೆಯದರಲ್ಲಿ ಏರಿಯ ಪಕ್ಕ ಕೆಂಪು ಗೆರೆ. ಆರನೆಯದರಲ್ಲಿ ಕೆರೆ ಎಲ್ಲಿ, ಪಕ್ಕದ ಗದ್ದೆ ಎಲ್ಲಿ ಅಂತ ಗೊತ್ತಾಗದಷ್ಟು ಕೆಂಪು. ಹಿಂದಿನ ವರ್ಷ ಮೀನಿನ ಹರಾಜಿಗೆ ಯಾರೂ ಬಂದಿರಲಿಲ್ಲವಂತೆ, ಯಾಕೆ ಅಂತ ಆಗ ಅರ್ಥ ಆಯ್ತು. ಆರೂ ಚಿತ್ರಗಳನ್ನು ಪ್ರಿಂಟ್ ಹಾಕಿಸಿ, ತಾರೀಕು ಬರೆದು, ಯುಗಾದಿಗೆ ಊರಿಗೆ ಹೋದಾಗ ಒಯ್ದೆ. ಗ್ರಾಮಸಭೆಯಲ್ಲಿ ಇಡಿ ಅಂತ ದೊಡ್ಡಪ್ಪನ ಕೈಗೆ ಕೊಟ್ಟೆ. ಕೆಂಪು ಅಂದರೆ ಕಳೆ, ಕಪ್ಪು ಅಂದರೆ ನೀರು ಅಂತ ವಿವರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯ ಚಿತ್ರವನ್ನೇ ಬಹಳ ಹೊತ್ತು ನೋಡಿದರು. ಪೂರ್ತಿ ಕೆಂಪಿನ ನಡುವೆ ದಡದ ಒಂದು ಕಡೆ ಎರಡು ಮೂರು ಪಿಕ್ಸೆಲ್‌ನಷ್ಟು ಕಪ್ಪು ಉಳಿದಿತ್ತು. ನಾನು ಅದನ್ನ ಏನೋ ನೆರಳು ಅಂತ ಬಿಟ್ಟಿದ್ದೆ. ದೊಡ್ಡಪ್ಪ ಅದರ ಮೇಲೆ ಬೆರಳಿಟ್ಟು, “ಇದು ಎಮ್ಮೆ ಇಳಿಸೋ ಜಾಗ ಅಲ್ವೇನೋ. ದಿನಾ ಎಮ್ಮೆ ಬಿದ್ದು ಹೊರಳಾಡೋ ಕಡೆ ಕಳೆ ಎಲ್ಲಿ ನಿಲ್ತದೆ” ಅಂದರು.